ಮೊಲದ ತೌಡು, ಸೊಟ್ಟ ಮೂಗು

ಆ ಶನಿವಾರ ನಾನು ಮಾಡಿದ ಕೆಲಸಗಳು ಇಷ್ಟು. ಬಾಗಿಲ ಮುಂದಿನ ಹಾಲಿನ ಬಾಟಲಿಗಳನ್ನು ಹಕ್ಕಿಗಳು ಮುಚ್ಚಳ ಕುಕ್ಕುವ ಮೊದಲೇ ಒಳಗೆ ತಂದೆ. ಗಂಡನ ಅಂಗಿಗಳಿಗೆ ಇಸ್ತ್ರಿ ಹಾಕಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಸ್ಟೇಡಿಯಮ್ಮಿನಲ್ಲಿ ಮ್ಯಾಚ್ ಇದ್ದುದರಿಂದ, ನಮ್ಮ ಗೇಟಿಗೆ ಅಡ್ಡಲಾಗಿ ಯಾರೂ ಕಾರು ನಿಲ್ಲಿಸದಿರಲೆಂದು ಕಸದ ಡಬ್ಬಿಗಳನ್ನು ರಸ್ತೆಯಂಚಿಗೆ ಎಳೆದಿಟ್ಟೆ. ಈಲಿಂಗ್ ರೋಡಿಗೆ ಹೋಗಿ ಜೋಳದ ಹಿಟ್ಟು, ಗುಂಡು ಬದನೇಕಾಯಿ ತಂದೆ. ಗರಾಜಿನಲ್ಲಿದ್ದ ಮೊರ ಹುಡುಕಿ, ಜೇಡರ ಬಲೆ ಒರೆಸಿ, ಹಿತ್ತಿಲ ಬಿಸಿಲಿಗೆ ಇಟ್ಟೆ. ಅತ್ತೆಯ ಹಳೇ ಇಳಕಲ್ ಸೀರೆಯಿಂದ ಒಂದು ತುಂಡು ಹರಿದೆ. ಕೊನೆಗೆ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ ಮೊಲಕ್ಕೆ ಹಾಕುವ ತೌಡು ಒಂದು ಚೀಲ ತಂದೆ.

ನಮ್ಮ ಮನೆಯಲ್ಲಿ ಮೊಲ ಇರಲಿಲ್ಲ. ಅಂಗಡಿಯವನಿಗೆ ಅದನ್ನು ಹೇಳುವ ಧೈರ್ಯ ಆಗಲಿಲ್ಲ. ಎಷ್ಟು ವಯಸ್ಸಿನದು ಎಂದು ಪ್ರೀತಿಯಿಂದ ಕೇಳಿದ. ಮೂರು ತಿಂಗಳಿಗೆ ಬಂತು ಎಂದೆ, ಅದು ಸುಳ್ಳಲ್ಲ. ಹೆಸರಿಟ್ಟಾಯಿತೇ ಎಂದ. ಆಯಿತು, ಇದೆಲ್ಲ ಅದಕ್ಕಾಗಿಯೇ ಎಂದೆ. ಅದೂ ಸುಳ್ಳಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ವೆಂಬ್ಲಿಯಲ್ಲಿ ನಮ್ಮದು ಒಂದಕ್ಕೊಂದು ಅಂಟಿಕೊಂಡ ಜೋಡಿಮನೆಗಳಲ್ಲಿ ಎಡಗಡೆಯದು. ಬಲಗಡೆಯ ಮನೆಯಲ್ಲಿ ಒಬ್ಬ ಸ್ಕಾಟಿಷ್ ವಿಧವೆ, ಆಕೆಯ ಮಗಳು, ಅಳಿಯ. ಅಳಿಯನಿಗೆ ಹೇಸ್‌ನ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ. ಹಗಲು ಹೊತ್ತು ಅವನ ಗೊರಕೆ ಗೋಡೆಯಾಚೆಯಿಂದ ನಮಗೂ ಕೇಳುತ್ತಿತ್ತು. ಅಷ್ಟು ಹತ್ತಿರ ಇದ್ದವರ ಕಷ್ಟ ಗೊತ್ತಾಗದಿರಲು ಸಾಧ್ಯವೇ ಇರಲಿಲ್ಲ. ಮಗಳಿಗೆ ಎರಡು ಸಲ ಮಗುವಾಗಿ ಎರಡೂ ಉಳಿದಿರಲಿಲ್ಲ. ಎರಡು ಸಲವೂ ಆಕೆ ಮೊದಲೇ ಹೆಸರು ಆರಿಸಿ, ಮಗುವಿನ ಕೋಣೆಯ ಬಾಗಿಲಿಗೆ ಬಣ್ಣದ ಮರದ ಅಕ್ಷರಗಳನ್ನು ಅಂಟಿಸಿದ್ದಳು. ಎರಡು ಸಲವೂ ಅವನ್ನು ಕಿತ್ತು ತೆಗೆದದ್ದು ತಾಯಿ. ಅಂಟಿನ ಕಲೆ ಹೋಗಲು ಏನು ಹಚ್ಚಬೇಕೆಂದು ನನ್ನನ್ನು ಕೇಳಿದ್ದಳು. ಕೊಬ್ಬರಿ ಎಣ್ಣೆ ಕೊಟ್ಟಿದ್ದೆ.

ಮೂರನೆಯದು ಫೆಬ್ರವರಿ ಕೊನೆಗೆ, ದಿನ ತುಂಬುವ ಬಹಳ ಮೊದಲೇ ಹುಟ್ಟಿತು. ಗಂಡು ಮಗು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲ ಮಲಗಿತ್ತು. ಈ ಸಲ ಮಗಳು ಹೆಸರಿಡಲು ಒಪ್ಪಲಿಲ್ಲ. ಹೆಸರಿಟ್ಟರೆ ಹೋಗುತ್ತದೆ ಎಂದು ಅವಳ ಮನಸ್ಸಿನಲ್ಲಿ ಕೂತಿತ್ತು. ತಾಯಿಯದು ಅದರ ತಿರುಗಾಮುರುಗ ಹೆದರಿಕೆ. ಏನಾದರೂ ಆಗಿಬಿಟ್ಟರೆ ಮಗು ಹೆಸರೇ ಇಲ್ಲದೆ ಹೋಗುತ್ತದಲ್ಲ, ಚರ್ಚಿನಲ್ಲಿ ಏನೆಂದು ಹೇಳುವುದು, ಗೋರಿಯ ಕಲ್ಲಿನ ಮೇಲೆ ಏನು ಬರೆಸುವುದು ಎಂದು ಬೇಲಿಯ ಹತ್ತಿರ ನಿಂತು ನನ್ನೊಡನೆ ಹೇಳಿಕೊಳ್ಳುತ್ತಿದ್ದಳು. ಕೌನ್ಸಿಲ್ಲಿನಲ್ಲಿ ಜನನ ನೋಂದಾಯಿಸುವ ಗಡುವೂ ಹತ್ತಿರ ಬರುತ್ತಿತ್ತು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಬರೀ ‘ಬೇಬಿ’ ಎಂದಿತ್ತು.

ನನ್ನ ಅತ್ತೆ ಧಾರವಾಡದಿಂದ ಬಂದಿಳಿದದ್ದು ಇದೇ ಹೊತ್ತಿಗೆ. ಆರು ತಿಂಗಳ ವೀಸಾ, ಎರಡು ಸೂಟ್‌ಕೇಸು, ಅದರಲ್ಲಿ ಒಂದರ ತುಂಬ ಶೇಂಗಾ ಚಟ್ನಿಪುಡಿ. ನಾನು ಮೈಸೂರಿನವಳು, ನನ್ನ ಕನ್ನಡ ಅವರಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ಅವರ ಮಾತು ನನಗೆ ಜಗಳ ಆಡಿದ ಹಾಗೆ. ಇಂಗ್ಲಿಷು ಅವರಿಗೆ ಬಾರದು. ಆದರೂ ಎರಡನೆಯ ದಿನವೇ ಬೇಲಿಯ ಬಳಿ ಕುರ್ಚಿ ಹಾಕಿಸಿಕೊಂಡು ಪಕ್ಕದ ಮನೆಯಾಕೆಯನ್ನು ತಂಗಿ ಎಂದು ಕರೆಯತೊಡಗಿದರು. ನನ್ನ ಗಂಡ ಕರೆಯುವುದನ್ನು ಕೇಳಿ ಆಕೆಯೂ ಅವರನ್ನು ಅವ್ವಾ ಎಂದಳು. ನಡುವೆ ನಾನು ದುಭಾಷಿ.

“ಏನಂತ ಕರೀತಾರ ಕೂಸಿಗೆ?” ಎಂದು ಅತ್ತೆ ಕೇಳಿದರು.

“ಇನ್ನೂ ಹೆಸರಿಟ್ಟಿಲ್ಲ ಅತ್ತೆ, ಹೆದರಿಕೆ.”

“ಮತ್ತ ದೇವರಿಗೆ ಯಾರನ್ನ ಉಳಸು ಅಂತ ಬೇಡಿಕೋತಾರ?”

ಇದನ್ನು ನಾನು ಭಾಷಾಂತರಿಸಲಿಲ್ಲ. ಅವರೇ ಮುಂದುವರಿದು, ಚಂದದ ಹೆಸರು ಬೇಡ, ಹೊಲಸು ಹೆಸರು ಇಡಲು ಹೇಳು ಎಂದರು. ಒಯ್ಯಲು ಬಂದವನು ಹೆಸರು ಕೇಳಿದ ಕೂಡಲೇ, ಅಯ್ಯ ಇದು ನಮಗೆ ಬೇಡ ಎಂದು ಹಾಗೇ ತಿರುಗಿ ಹೋಗಬೇಕು. ಅವರ ಊರಿನಲ್ಲಿ ಹಾಗೆಯೇ ಮಾಡುವುದು. ಕಲ್ಲ, ಗುಂಡ, ಹುಚ್ಚ ಎಂದು ಕರೆಯುವುದು. ಕೂಸನ್ನು ಮೊರದಲ್ಲಿ ಹಾಕಿ ಬೇರೆ ಯಾರಿಗಾದರೂ ಒಂದು ಮುಷ್ಟಿ ತೌಡಿಗೆ ಮಾರಿಬಿಡುವುದು. ತಾಯಿಗೇ ಬೇಡವಾದದ್ದು, ತೌಡಿನ ಬೆಲೆಯದ್ದು, ಅಂಥದ್ದರ ಮೇಲೆ ಯಾರ ಕಣ್ಣು ತಾನೇ ಬೀಳುತ್ತದೆ. ನಾನು ಇದನ್ನೆಲ್ಲ ಸಾಧ್ಯವಾದಷ್ಟು ತೊಳೆದು ಬಳಿದು, ನಮ್ಮಲ್ಲಿ ಸರಳವಾದ ಹೆಸರಿಡುವ ಪದ್ಧತಿ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅತ್ತೆ ನನ್ನ ಮುಖ ನೋಡಿದರು. “ಹೊಲಸು ಅಂತ ಹೇಳಿದ್ಯೋ ಇಲ್ಲೋ?”

ಹೇಳಬೇಕಾಯಿತು. ಪಕ್ಕದ ಮನೆಯಾಕೆ ನಂಬಲಿಲ್ಲ. ಅತ್ತೆ ಆಗ ಸಾಕ್ಷಿಯನ್ನೇ ಮುಂದೆ ತಂದರು. ಸಾಕ್ಷಿ ಅಂದರೆ ಆಗಷ್ಟೇ ಆಸ್ಪತ್ರೆಯಿಂದ ಬಂದು, ಟೈ ಸಡಿಲಿಸಿಕೊಂಡು, ಚಹಾ ಕೇಳಲು ಹಿತ್ತಿಲಿಗೆ ಬಂದಿದ್ದ ನನ್ನ ಡಾಕ್ಟರ್ ಗಂಡ.

“ಇಂವನ್ನ ನೋಡು ಅನ್ನು ಆಕಿಗೆ. ಇಂವನಕಿಂತ ಮೊದಲ ಎರಡು ಹ್ವಾದವು. ಇಂವನ್ನ ತಿಪ್ಪಿ ಮ್ಯಾಲೆ ಇಟ್ವಿ. ಓಣ್ಯಾಗಿನಾಕಿ ಒಬ್ಬಾಕಿ ತೌಡು ಕೊಟ್ಟು ತಗೊಂಡ್ಲು. ತಿಪ್ಪ್ಯಾ ಅಂತ ಕರದ್ವಿ. ಐವತ್ತು ವರ್ಷ ಆಗ್ಲಿಕ್ಕೆ ಬಂತು, ಹೋಗ್ಯಾನೇನು?”

ಮದುವೆಯಾಗಿ ಇಪ್ಪತ್ತೈದು ವರ್ಷಗಳ ಮೇಲೆ ನನಗೆ ಇದು ಗೊತ್ತಾಯಿತು. ಅತ್ತೆ ಸಿಟ್ಟು ಬಂದಾಗ ಮಗನನ್ನು ತಿಪ್ಪ್ಯಾ ಅನ್ನುತ್ತಾರೆ, ಅದು ಬೈಗುಳ ಎಂದೇ ತಿಳಿದಿದ್ದೆ. ಆಸ್ಪತ್ರೆಯಲ್ಲಿ ನನ್ನ ಗಂಡನ ಕೋಣೆಯ ಬಾಗಿಲ ಮೇಲಿನ ಹೆಸರು ಎಷ್ಟು ಉದ್ದ ಎಂದರೆ ಫಲಕದಲ್ಲಿ ಹಿಡಿಸದೆ ಎರಡು ಸಾಲು ಮಾಡಿದ್ದರು. ಅಂಥವರು ಕಸದ ಗುಡ್ಡೆ. ಭಾಷಾಂತರಿಸುವಾಗ ಈ ಸಲ ನಾನು ಏನನ್ನೂ ತೊಳೆಯಲಿಲ್ಲ. ಪಕ್ಕದ ಮನೆಯಾಕೆ ಡಾಕ್ಟರನ್ನು ಮೇಲಿನಿಂದ ಕೆಳಗೆ ನೋಡಿದಳು. ಎಷ್ಟೋ ವಾರಗಳ ನಂತರ ಅವಳು ನಕ್ಕದ್ದು ಆಗಲೇ.

ಗಂಡ ಮಾತ್ರ ನಗಲಿಲ್ಲ. ಆ ಮಗುವನ್ನು ಉಳಿಸುವುದು ಆಕ್ಸಿಜನ್ನು, ಆ್ಯಂಟಿಬಯಾಟಿಕ್ಕು, ಹಗಲೂ ರಾತ್ರಿ ನಿಂತ ನರ್ಸುಗಳು; ಅವರ ಶ್ರಮವನ್ನು ತಿಪ್ಪೆಯ ಲೆಕ್ಕಕ್ಕೆ ಬರೆಯಬೇಡಿ ಎಂದು ಇಂಗ್ಲಿಷು ಕನ್ನಡ ಎರಡರಲ್ಲೂ ಭಾಷಣ ಮಾಡಿದರು. ನರ್ಸುಗಳು ತಮ್ಮ ಕೆಲಸ ಮಾಡಲಿ, ಹೆಸರು ತನ್ನ ಕೆಲಸ ಮಾಡುತ್ತದೆ, ಇಬ್ಬರಿಗೂ ಪಾಳಿ ಬೇರೆ ಬೇರೆ ಎಂದು ಅವರ ತಾಯಿ ಹೇಳಿದರು.

ಹೀಗೆ ಒಂದು ಕೆಟ್ಟ ಹೆಸರಿನ ಹುಡುಕಾಟ ಶುರುವಾಯಿತು. ಇಂಗ್ಲಿಷಿನಲ್ಲಿ ನೇರವಾಗಿ ಕಸ, ಕಲ್ಲು ಎಂದು ಇಡಲಾಗದು. ಶಾಲೆಗೆ ಹೋಗುವ ವಯಸ್ಸಿಗೆ ಮಗು ಉಳಿದರೂ ಮಾನ ಉಳಿಯುವುದಿಲ್ಲ. ಹಳೆಯ ಹೆಸರು ಬೇಕು, ಅದರೊಳಗೆ ಯಾರಿಗೂ ಕಾಣದ ಹಾಗೆ ಹೊಲಸು ಇರಬೇಕು. ಪಕ್ಕದ ಮನೆಯಾಕೆ ಲೈಬ್ರರಿಯಿಂದ ಕೆಲ್ಟಿಕ್ ಹೆಸರುಗಳ, ಅಂದರೆ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಹಳೆಯ ಹೆಸರುಗಳ ಪುಸ್ತಕ ತಂದಳು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು, ನಾನು ಬೀನ್ಸ್ ಸೋಸುತ್ತ, ಆಕೆ ಗಟ್ಟಿಯಾಗಿ ಓದುತ್ತ ಕೂತೆವು.

ಆ ಪುಸ್ತಕವನ್ನು ನಂಬುವುದಾದರೆ ಹಿಂದಿನ ಕಾಲದ ಆ ಗುಡ್ಡಗಾಡಿನಲ್ಲಿ ಒಬ್ಬ ಸಾಧಾರಣ ಮನುಷ್ಯನೂ ಹುಟ್ಟಿರಲಿಲ್ಲ. ಒಬ್ಬ ರಾಜ, ಇನ್ನೊಬ್ಬ ರಾಜನ ಗೆಳೆಯ, ಮತ್ತೊಬ್ಬ ಯುದ್ಧದಲ್ಲಿ ಬಲಿಷ್ಠ, ಅವನ ತಮ್ಮ ಬೇಟೆನಾಯಿಗಳ ಒಡೆಯ. ದನ ಕಾಯುವವರು ಯಾರು, ಪಾತ್ರೆ ತೊಳೆಯುವವರು ಯಾರು ಎಂದು ಪುಸ್ತಕ ಹೇಳಲಿಲ್ಲ. ನಾನು ನಗುವ ಹಾಗಿರಲಿಲ್ಲ. ಆಗಲೇ ಓದಲು ಬೇರೆ ಊರು ಸೇರಿದ್ದ ನನ್ನ ಇಬ್ಬರು ಗಂಡುಮಕ್ಕಳ ಹೆಸರುಗಳೂ ಬೆಂಗಳೂರಿನಲ್ಲಿ ಅಚ್ಚಾದ ಅಂಥದೇ ಒಂದು ಪುಸ್ತಕದಿಂದ ಬಂದವು. ಹಿರಿಯವನದರ ಅರ್ಥ ಶತ್ರುಗಳನ್ನು ಗೆದ್ದವನು. ಪಕ್ಕದ ಬೀದಿಯ ಬೆಕ್ಕಿಗೆ ಹೆದರಿ ಸುತ್ತುಬಳಸಿ ಶಾಲೆಗೆ ಹೋಗುತ್ತಿದ್ದ. ಕಿರಿಯವನದು ಬೆಳಕಿನ ನಿಧಿ. ಇಬ್ಬರ ಹೆಸರನ್ನೂ ಶಾಲೆಯಲ್ಲಿ ಒಂದೊಂದು ಅಕ್ಷರಕ್ಕೆ ಕತ್ತರಿಸಿ ಬಿಟ್ಟಿದ್ದರು.

ಕ್ಯಾಮರಾನ್ ಎಂಬ ಹೆಸರಿಗೆ ಬಂದಾಗ ಆಕೆ ಓದುವುದನ್ನು ನಿಲ್ಲಿಸಿದಳು. ಪುಸ್ತಕದಲ್ಲಿ, ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಳಲ್ಲಿ ಬಾಳಿದ ಒಂದು ಘನವಾದ ಕುಲದ ಹೆಸರು, ಈಗ ಗಂಡುಮಕ್ಕಳಿಗೆ ಇಡುತ್ತಾರೆ ಎಂದಷ್ಟೇ ಇತ್ತು. ಆಕೆ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟಳು.

“ಇದು ನನ್ನ ತವರಿನ ಕುಲದ ಹೆಸರು. ಘನವೂ ಇಲ್ಲ, ಮಣ್ಣೂ ಇಲ್ಲ. ನಮ್ಮಜ್ಜಿ ಗೇಲಿಕ್ ಮಾತಾಡುತ್ತಿದ್ದಳು. ಕ್ಯಾಮ್ ಅಂದರೆ ಸೊಟ್ಟ, ಸ್ರೋನ್ ಅಂದರೆ ಮೂಗು. ಯಾವನೋ ಹಿರಿಯನಿಗೆ ಹೊಡೆದಾಟದಲ್ಲಿ ಮೂಗು ತಿರುಗಿತ್ತಂತೆ. ನಮ್ಮಪ್ಪನದನ್ನು ನೀನು ನೋಡಬೇಕಿತ್ತು, ಅವನು ಹೋಗುವ ದಿಕ್ಕು ಒಂದು, ಮೂಗು ಹೋಗುವ ದಿಕ್ಕು ಇನ್ನೊಂದು.”

ಪುಸ್ತಕದವರು ಆ ಮೂಗನ್ನು ಹಿಡಿದು ನೆಟ್ಟಗೆ ಮಾಡಿಬಿಟ್ಟಿದ್ದರು. ನಾನು ಅತ್ತೆಗೆ ಹೇಳಿದೆ. ಅವರು ಜಪ ಮುಗಿಸಿ, ಸೊಟ್ಟ ಮೂಗಿನವ, ಸೊಟ್ಟ ಮೂಗಿನವ ಎಂದು ಎರಡು ಸಲ ಹೇಳಿ ನೋಡಿದರು. ತಿಪ್ಪೆಯಷ್ಟು ಅಲ್ಲ, ಆದರೆ ಈ ದೇಶಕ್ಕೆ ಸಾಕು ಎಂದರು.

ಗಂಡ ಅಷ್ಟಕ್ಕೇ ಬಿಡಲಿಲ್ಲ. ವಾರದೊಳಗೆ ಯಾವುದೋ ದಪ್ಪ ಗ್ರಂಥ ನೋಡಿ ಬಂದು, ವಿದ್ವಾಂಸರಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ, ಮೂಗಿಗೂ ಇದಕ್ಕೂ ಸಂಬಂಧ ಇಲ್ಲದೆಯೂ ಇರಬಹುದು, ತಗ್ಗುನಾಡಿನ ಯಾವುದೋ ವಕ್ರವಾದ ಗುಡ್ಡದಿಂದ ಬಂದ ಊರಿನ ಹೆಸರು ಇದು ಎಂದೂ ಕೆಲವರು ಹೇಳುತ್ತಾರೆ ಎಂದು ಗೆದ್ದ ಮುಖ ಮಾಡಿಕೊಂಡು ಊಟಕ್ಕೆ ಕೂತರು. ಅತ್ತೆ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಲಿಲ್ಲ.

“ಗುಡ್ಡ ಆದ್ರೂ ಸೊಟ್ಟನ ಅದ ಅಲ್ಲೇನೋ, ತಿಪ್ಪ್ಯಾ?”

ವ್ಯುತ್ಪತ್ತಿಯ ಪ್ರಶ್ನೆ ನಮ್ಮ ಮನೆಯಲ್ಲಿ ಹೀಗೆ ಇತ್ಯರ್ಥವಾಯಿತು.

ಆದರೆ ಹೆಸರಿಡಬೇಕಾದವಳು ಮಗಳು. ಅವಳಿಗೆ ಹೇಳಲು ತಾಯಿಗೆ ಬಾಯಿ ಬರಲಿಲ್ಲ, ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಆಸ್ಪತ್ರೆಯಲ್ಲಿ ಮಗಳು ಪೆಟ್ಟಿಗೆಯ ಪಕ್ಕದಲ್ಲಿ, ಗುಂಡಗಿನ ಕಿಂಡಿಯೊಳಗೆ ಕೈ ಹಾಕಿ, ಒಂದು ಬೆರಳನ್ನು ಮಗುವಿನ ಅಂಗಾಲಿಗೆ ತಾಗಿಸಿಕೊಂಡು ಕೂತಿದ್ದಳು. ರಾತ್ರಿಯೂ ಅಲ್ಲೇ ಕುರ್ಚಿಯ ಮೇಲೆ. ಕಣ್ಣು ಮುಚ್ಚಿದರೆ ಅಷ್ಟರಲ್ಲಿ ಏನಾದರೂ ಆದೀತೆಂದು ನಿದ್ದೆಯನ್ನೇ ಬಿಟ್ಟಿದ್ದಳು. ಹಾಲಿನ ನಳಿಕೆಯನ್ನು ಕೆನ್ನೆಗೆ ಅಂಟಿಸಿದ್ದ ಟೇಪು ಮಗುವಿನ ಮೂಗನ್ನು ಒಂದು ಕಡೆಗೆ ಎಳೆದಿತ್ತು. ಪಕ್ಕದ ಮನೆಯಾಕೆ ಅದನ್ನು ನೋಡಿ, ನನ್ನನ್ನು ನೋಡಿ, ಬೇರೆ ಕಡೆಗೆ ಮುಖ ತಿರುಗಿಸಿದಳು.

ತಿಪ್ಪೆ, ತೌಡು, ಸೊಟ್ಟ ಮೂಗು ಎಲ್ಲವನ್ನೂ ನಾನೇ ಹೇಳಿದೆ. ಮಗಳು ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

“ನಿಮ್ಮ ಅತ್ತೆಯ ಮೊದಲ ಇಬ್ಬರಿಗೆ ಹೆಸರಿತ್ತೇ?”

ಇತ್ತಂತೆ, ಚಂದದ ಹೆಸರುಗಳಂತೆ, ಈಗಲೂ ಅವನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂದೆ. ಅವಳು ತಲೆ ಆಡಿಸಿದಳು. ತಾನೂ ಹೇಳುವುದಿಲ್ಲ ಎಂದಳು. ಬಹಳ ಹೊತ್ತು ಮಗುವನ್ನೇ ನೋಡುತ್ತಿದ್ದು, ಕಿಂಡಿಯ ಹತ್ತಿರ ಬಾಯಿ ಇಟ್ಟು, “ಏಯ್, ಸೊಟ್ಟ ಮೂಗಿನವನೇ,” ಎಂದಳು. ಮಗು ಕಾಲು ಒದರಿತು. ಅದು ಗಂಟೆಗೆ ಹತ್ತು ಸಲ ಕಾಲು ಒದರುತ್ತಿತ್ತು ಎಂದು ನನ್ನ ಗಂಡ ಆಮೇಲೆ ನೆನಪಿಸಿದರು. ಸಂಜೆಯೊಳಗೆ ಚೀಟಿ ಬದಲಾಯಿತು. ಅಳಿಯ ನಿದ್ದೆಗಣ್ಣಿನಲ್ಲೇ ಫೋನಿನಲ್ಲಿ ಒಪ್ಪಿಗೆ ಕೊಟ್ಟ. ಗೋದಾಮಿನಲ್ಲಿ ಅದೇ ಹೆಸರಿನ ಒಬ್ಬ ಫೋರ್‌ಮನ್ ಇದ್ದಾನೆ, ಅವನನ್ನು ಯಾರೂ ಎಲ್ಲಿಗೂ ಒಯ್ಯುವುದಿಲ್ಲ ಎಂದನಂತೆ.

ಮಗು ಮನೆಗೆ ಬಂದದ್ದು ನಾನು ಮೇಲೆ ಹೇಳಿದ ಶನಿವಾರ. ಹಿಂದಿನ ದಿನವೇ ನಾನು ಸೂಪರ್‌ಮಾರ್ಕೆಟ್ಟಿನಿಂದ ತೌಡಿನ ಉಪಾಹಾರದ ಡಬ್ಬಿ ತಂದಿದ್ದೆ, ಹಾಲಿಗೆ ಹಾಕಿ ತಿನ್ನುವ ಬಗೆಯದು. ಡಬ್ಬಿಯ ಮೇಲೆ ಗೋದಿಯ ತೆನೆ, ಸೂರ್ಯೋದಯ, ನಗುವ ಹೆಂಗಸು. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಉಗಿದರು. ಸಿಹಿ ಅದ, ಇದಕ್ಕ ಕೊಂಡ್ರ ಕೂಸು ತುಟ್ಟಿ ಆಗ್ತದ ಎಂದರು. ದನ ತಿನ್ನುವಂಥದ್ದು ಬೇಕು. ದನ ತಿನ್ನುವಂಥದ್ದು ವೆಂಬ್ಲಿಯಲ್ಲಿ ಸಿಗಲಿಲ್ಲ. ಮೊಲ ತಿನ್ನುವಂಥದ್ದು ಸಿಕ್ಕಿತು. ಮನುಷ್ಯರ ತೌಡಿಗಿಂತ ಮೊಲದ ತೌಡಿನ ಬೆಲೆಯೇ ಹೆಚ್ಚಿತ್ತು. ಅದನ್ನು ನಾನು ಅತ್ತೆಗೆ ತಿಳಿಸಲಿಲ್ಲ.

ಮಧ್ಯಾಹ್ನ ನಮ್ಮ ಹಿತ್ತಿಲ ಬಾಗಿಲಲ್ಲಿ ಎಲ್ಲರೂ ಸೇರಿದೆವು. ಸ್ಟೇಡಿಯಮ್ಮಿನಿಂದ ಜನರ ಕೂಗು ಅಲೆ ಅಲೆಯಾಗಿ ಬರುತ್ತಿತ್ತು. ಮೊರದಲ್ಲಿ ಇಳಕಲ್ ಸೀರೆಯ ತುಂಡು ಹಾಸಿದೆ. ಹೊಸ ಬಟ್ಟೆ ಕೂಡದು. ಮಗಳು ಮಗುವನ್ನು ಅದರಲ್ಲಿ ಮಲಗಿಸಿದಳು. ಈಗ ಅವಳು ಬೆನ್ನು ತಿರುಗಿಸಿ ನಿಂತು, ಈ ಕೂಸು ನನಗೆ ಬೇಡ ಎನ್ನಬೇಕು. ಅತ್ತೆ ಕೊಳ್ಳಬೇಕು.

ಬೆನ್ನು ತಿರುಗಿಸಿದಳು. ಮಾತು ಹೊರಡಲಿಲ್ಲ. ಇಂಗ್ಲಿಷಿನಲ್ಲೇ ಹೇಳಿದರೂ ನಡೆಯುತ್ತದೆ ಎಂದು ನಾನು ಸಣ್ಣಗೆ ಹೇಳಿದೆ. ಪಕ್ಕದ ಮನೆಯಾಕೆ ಮುಂದೆ ಬರಹೋದಳು, ನಾನು ಕೈ ಹಿಡಿದೆ. ನನ್ನ ಗಂಡ, ಅಷ್ಟು ಹೊತ್ತು ಮನೆಯ ಪಕ್ಕದ ಕಿರುದಾರಿಯಲ್ಲಿ ಕಸದ ಡಬ್ಬಿಗಳನ್ನು ಒಳಗೆಳೆಯುವ ನೆಪದಲ್ಲಿ ನಿಂತಿದ್ದವರು, ಇನ್ನು ಸಾಕು ಅವ್ವಾ ಎಂದರು.

ಅತ್ತೆ ಅವರ ಕಡೆ ನೋಡಲೂ ಇಲ್ಲ. “ಆಕಿಗೆ ಅನ್ನಬ್ಯಾಡ ಅನ್ನು. ನನಗೂ ಅನ್ನಲಿಕ್ಕೆ ಆಗಿದ್ದಿಲ್ಲ. ನಮ್ಮತ್ತಿ ಅಂದ್ರು.” ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಮನೆಗೂ, ಆಚೆಯ ಬೀದಿಗೂ ಕೇಳುವ ಹಾಗೆ, “ಥೂ, ಏನ್ ಸೊಟ್ಟ ಮೂಗಿನ ಕೂಸು ಇದು, ಇದರವ್ವಗ ಬ್ಯಾಡಂತ, ಯಾರಿಗೂ ಬ್ಯಾಡಂತ,” ಎಂದು ಕೂಗಿದರು. ಚೀಲದಿಂದ ಒಂದು ಮುಷ್ಟಿ ತೌಡು ತೆಗೆದು ಮಗಳ ಕೈಯಲ್ಲಿ ಹಾಕಿ, ಅವಳ ಬೆರಳುಗಳನ್ನು ತಾವೇ ಮಡಚಿ, ಮೊರವನ್ನು ಎತ್ತಿಕೊಂಡರು. ಇನ್ನು ಕೂಸು ತಮ್ಮದು, ಅವಳು ಸಾಕಿಕೊಂಡಿರಲಿ ಎಂದು ನನ್ನಿಂದ ಹೇಳಿಸಿದರು. ಮಗಳು ತೌಡಿನ ಮುಷ್ಟಿ ಬಿಡದೆ ತಲೆಯಾಡಿಸಿದಳು.

ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಮಗು ಕೊಳ್ಳಬಹುದೇ ಎಂಬುದನ್ನು ವಿಚಾರಿಸಬೇಕು ಎಂದು ನನ್ನ ಗಂಡ ಗೊಣಗಿದರು. ಆದರೆ ಮೊರದಲ್ಲಿ ಇಣುಕಿ ನೋಡಿದ್ದು, ಉಸಿರಾಟವನ್ನು ಗಡಿಯಾರ ಹಿಡಿದು ಗಮನಿಸಿದ್ದು, ಚೆನ್ನಾಗಿದ್ದಾನೆ ಎಂದದ್ದೂ ಅವರೇ. ಟೇಪು ತೆಗೆದ ಮೇಲೆ ಮಗುವಿನ ಮೂಗು ನೂಲು ಹಿಡಿದಷ್ಟು ನೆಟ್ಟಗಿತ್ತು. ಅದನ್ನು ಮಾತ್ರ ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸಂಜೆ ನಮ್ಮಲ್ಲೇ ಊಟ. ಜೋಳದ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಪಕ್ಕದ ಮನೆಯಾಕೆ ಅನ್ನದ ಪುಡಿಂಗ್ ಮಾಡಿ ತಂದಿದ್ದಳು. ಏಲಕ್ಕಿ ಹಾಕದ ಪಾಯಸ ಎಂದು ಅತ್ತೆ ಎರಡು ಸಲ ಹಾಕಿಸಿಕೊಂಡರು. ಅಳಿಯ ರೊಟ್ಟಿ ಬೆಣ್ಣೆ ತಿಂದು ಪಾಳಿಗೆ ಹೋದ. ನಾನು ತಟ್ಟೆಗಳನ್ನು ಎತ್ತಿ ಬರುವಷ್ಟರಲ್ಲಿ ಮಗಳು ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು, ಹೊರಗೆ ಇನ್ನೂ ಬೆಳಕಿತ್ತು. ಮುಷ್ಟಿ ಸಡಿಲಿ ತೌಡು ಕಾರ್ಪೆಟ್ಟಿನ ಮೇಲೆ ಚೆಲ್ಲಿತ್ತು. ಎಬ್ಬಿಸಬೇಡ, ಕೂಸು ನನ್ನದು, ನಾನು ನೋಡಿಕೋತೀನಿ ಎಂದು ಅತ್ತೆ ಸನ್ನೆ ಮಾಡಿದರು. ಆಮೇಲೆ ಅವಳ ತಾಯಿ ಮಲಗಿದಳು, ಆಮೇಲೆ ನನ್ನ ಗಂಡ, ಆಮೇಲೆ ತೊಡೆಯ ಮೇಲೆ ಮೊರ ಇಟ್ಟುಕೊಂಡೇ ಅತ್ತೆ. ಕೂಸು ಎಲ್ಲರಿಗಿಂತ ಕೊನೆಗೆ.